ದೊಡ್ಡಪ್ಪನ ದಂಡೆಗೆ ಮೋಟರು ಹುಡುಕಿದ್ದು

ನಮ್ಮ ಮನೆಯ ಪಡಸಾಲೆ ಮೋಟರುಗಳದಾಗಿತ್ತು. ಮನುಷ್ಯರು ಉಳಿದ ಜಾಗದಲ್ಲಿ ಹೊಂದಿಕೊಂಡು ಇರಬೇಕಿತ್ತು. ಶಹಾಪುರದಿಂದ ಕೆಂಭಾವಿಗೆ ಹೋಗುವ ದಾರಿಯಲ್ಲಿದ್ದ ಊರಿನ ಕಟ್ಟಕಡೆಯ ಮನೆ ಅದು. ಕೆನಾಲ್ ಬಂದ ಮೇಲೆ ದಂಡೆಯ ಮನೆಯಾಯಿತು. ನೀರು ಬಂತು, ನೀರಿನ ಹಿಂದೆ ಪಂಪುಗಳು ಬಂದವು, ಪಂಪುಗಳ ಹಿಂದೆ ಸುಟ್ಟ ಮೋಟರುಗಳು ಬಂದವು. ಅಪ್ಪ ಭೀಮರಾಯನಗುಡಿಯ ಕೆನಾಲ್ ಕ್ಯಾಂಪಿಗೆ ಎರಡು ವರ್ಷ ಕೂಲಿಗೆ ಹೋಗಿ, ಅಲ್ಲಿಯ ಮಿಸ್ತ್ರಿಯೊಬ್ಬನ ಪಕ್ಕದಲ್ಲಿ ಕುಳಿತು ಸುಟ್ಟ ಮೋಟರಿಗೆ ಹೊಸ ತಂತಿ ಸುತ್ತುವ ವೈಂಡಿಂಗ್ ಕಲಿತು ಬಂದಿದ್ದ. ಆಮೇಲೆ ಸುತ್ತಲಿನ ಹತ್ತು ಹಳ್ಳಿಯ ಮೋಟರುಗಳು ಎತ್ತಿನ ಗಾಡಿಯಲ್ಲಿ ನಮ್ಮ ಮನೆಗೆ ಬರತೊಡಗಿದವು. ಶಾಬಾದಿ ಕಲ್ಲಿನ ನೆಲ ವಾರ್ನಿಶ್ ಕುಡಿದು ಕಪ್ಪಾಗಿತ್ತು. ಸುತ್ತಿದ ಕಾಯಿಲುಗಳನ್ನು ಒಣಗಿಸಲು ಅಪ್ಪ ಒಂದು ಮರದ ಪೆಟ್ಟಿಗೆಯೊಳಗೆ ದೊಡ್ಡ ಬಲ್ಬುಗಳನ್ನು ಉರಿಸಿಡುತ್ತಿದ್ದ. ಚಳಿಗಾಲದಲ್ಲಿ ಮನೆಯ ಬೆಕ್ಕಿಗೂ ನನಗೂ ಅದರ ಪಕ್ಕದ ಜಾಗಕ್ಕಾಗಿ ಜಗಳ. ತಾಮ್ರದ ತಂತಿಯ ಚೂರುಗಳು ಎಲ್ಲಿ ಬೇಕಾದಲ್ಲಿ ಸಿಗುತ್ತಿದ್ದವು. ಒಮ್ಮೆ ರೊಟ್ಟಿಯೊಳಗೆ ಸಿಕ್ಕಿತು. ಅವ್ವ ಆ ರೊಟ್ಟಿಯನ್ನು ಅಪ್ಪನ ತಾಟಿಗೇ ಹಾಕಿದಳು.

"ಉಣ್ಣು. ನಿನ್ನ ಹೊಟ್ಟಿಗಿ ಲೈಟ್ ಹತ್ತಲಿ."

ಮನೆಯಲ್ಲಿ ನಾವು ನಾಲ್ಕು ಜನ: ಅಪ್ಪ, ಅವ್ವ, ಅಪ್ಪನ ತಾಯಿ ಆಯಿ, ಮತ್ತು ಒಬ್ಬಳೇ ಮಗಳು ನಾನು. ಆಯಿ ತಿಂಥಣಿ ಕಡೆಯ ಅಂಬಿಗರ ಮನೆಯ ಮಗಳು. ಅವಳ ಅಪ್ಪ ಕೃಷ್ಣೆಯಲ್ಲಿ ಹರಿಗೋಲು ಹಾಕುತ್ತಿದ್ದ. ಕೆನಾಲ್ ನೀರು ನೋಡಿದಾಗೆಲ್ಲ ಆಯಿ ಮೂಗು ಮುರಿಯುತ್ತಿದ್ದಳು. ಇದೇನು ಹೊಳೆಯೇ, ದನಕ್ಕೆ ಕಟ್ಟಿದ ಗ್ವಾದಲಿ ಎನ್ನುತ್ತಿದ್ದಳು. ಹಾಗೆಂದು ದಿನಾ ಸಂಜೆ ದಂಡೆಗೆ ಹೋಗಿ ಕೂಡುವುದನ್ನೇನೂ ಬಿಡಲಿಲ್ಲ. ಅವಳ ಮೊಳಕಾಲು ಸವೆದಿದ್ದವು. ಮನೆಯಿಂದ ದಂಡೆಯವರೆಗೆ ಕೋಲೂರಿಕೊಂಡು ಬರುವುದೇ ಅವಳ ಮಟ್ಟಿಗೆ ದೊಡ್ಡ ಪಯಣ. ಆಚೆ ದಂಡೆಯಲ್ಲಿ ಅವಳ ಹಿರಿಯ ಮಗ, ನನ್ನ ದೊಡ್ಡಪ್ಪ, ಹೊಲದಲ್ಲೇ ಮನೆ ಕಟ್ಟಿಕೊಂಡಿದ್ದ. ಕೆನಾಲ್ ತೋಡುವಾಗ ನಮ್ಮ ಹೊಲದ ನಟ್ಟನಡುವೆ ಹಾದುಹೋಗಿತ್ತು. ಆಚೆಗಿನದು ದೊಡ್ಡಪ್ಪನಿಗೆ, ಈಚೆಗಿನದು ಅಪ್ಪನಿಗೆ ಎಂದು ಅಣ್ಣತಮ್ಮಂದಿರು ಮಾತಾಡಿಕೊಂಡರು. ಅದರಲ್ಲಿ ತಂಟೆ ಬರಲಿಲ್ಲ. ತಂಟೆ ಬಂದದ್ದು ಮೆಣಸಿನಕಾಯಿಯಿಂದ.

ಅದನ್ನು ಇದ್ದದ್ದು ಇದ್ದಂತೆ ಹೇಳಿಬಿಡುತ್ತೇನೆ, ನಮ್ಮ ಅಪ್ಪನೆಂದು ಮುಚ್ಚಿಡುವುದಿಲ್ಲ. ದೊಡ್ಡಪ್ಪನ ಪಂಪಿನ ಮೋಟರು ಸುಟ್ಟಿತ್ತು. ಅಪ್ಪ ಅದನ್ನು ಸುತ್ತಿಕೊಟ್ಟು, ತಾನೇ ಹೋಗಿ ಕೂಡಿಸಿ, ಚಾಲೂ ಮಾಡಿ ನೋಡಿದ. ದೊಡ್ಡಪ್ಪ ಕೆಂಭಾವಿ ಸಂತೆಗೆ ಹೋಗಿದ್ದ, ದೊಡ್ಡವ್ವ ತವರಿಗೆ. ಮೋಟರು ಸದ್ದಿಲ್ಲದೆ ತಿರುಗಿತು. ಅಪ್ಪ ಖುಷಿಯಿಂದ ಅದರ ಮೈಮೇಲೆ ಕೈಯಿಟ್ಟು ಕಾವು ನೋಡುತ್ತ ಅರ್ಧ ತಾಸು ಅಲ್ಲೇ ಕುಳಿತ. ಪೈಪಿನ ಇನ್ನೊಂದು ಬಾಯಿ ಎಲ್ಲಿದೆ ಎಂದು ನೋಡಲಿಲ್ಲ. ಅದು ಕಣದ ಕಡೆಗೆ ಇತ್ತು. ಕಣದ ತುಂಬ ಆ ವರ್ಷದ ಮೆಣಸಿನಕಾಯಿ ಒಣಹಾಕಿತ್ತು. ದೊಡ್ಡಪ್ಪ ಸಂತೆಯಿಂದ ಬಂದಾಗ ಕಾಯಿ ನೀರಲ್ಲಿ ತೇಲುತ್ತಿದ್ದವು. ತಪ್ಪಾಯಿತು ಅಂದಿದ್ದರೆ ಮುಗಿಯುತ್ತಿತ್ತು. ಅಪ್ಪ ಅಂದದ್ದು ಬೇರೆ.

"ಪೈಪಿನ ಬಾಯಿಗಿ ಯಾರರೆ ಮೆಣಸಿನಕಾಯಿ ಹಾಕ್ತಾರೇನು?"

ದೊಡ್ಡಪ್ಪನ ಸಿಟ್ಟು ನೆತ್ತಿಗೇರಿತು.

"ಇನ್ನ ಮ್ಯಾಲ ನಿನ್ನ ಮನಿಯವರ ಕಾಲು ನನ್ನ ಹೊಲದಾಗ ಬೀಳಬಾರದು ನೋಡು!"

"ಬೀಳಂಗಿಲ್ಲ! ನಿನ್ನ ಕಾಲೂ ನನ್ನ ಹೊಸ್ತಿಲಕ್ಕ ಬೀಳಬಾರದು!"

ಇಬ್ಬರೂ ಮಣ್ಣು ಮುಟ್ಟಿ ಆಣೆ ಹಾಕಿದರು. ನಮ್ಮ ಕಡೆ ಮಣ್ಣು ಮುಟ್ಟಿ ಆಡಿದ ಮಾತನ್ನು ಮುರಿಯುವುದು ಹಗುರದ ಕೆಲಸವಲ್ಲ. ಮುಂದೆ ಹತ್ತು ತಿಂಗಳು, ಕೂಗಿದರೆ ಕೇಳುವಷ್ಟು ಹತ್ತಿರದ ದಂಡೆಗಳಲ್ಲಿ ಇಬ್ಬರೂ ಒಬ್ಬರಿಗೊಬ್ಬರು ಬೆನ್ನು ತಿರುಗಿಸಿ ಬದುಕಿದರು.

ಎಳ್ಳಮಾವಾಸ್ಯೆ ಹತ್ತಿರ ಬರುವವರೆಗೆ ಆಯಿ ಬಾಯಿ ಬಿಡಲಿಲ್ಲ. ಆ ದಿನ ನಮ್ಮ ಸೀಮೆಯಲ್ಲಿ ಮನೆಯಲ್ಲಿ ಯಾರೂ ಉಣ್ಣುವುದಿಲ್ಲ. ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಬೆಳೆಯ ಸುತ್ತ ಚರಗ ಚೆಲ್ಲಿ, ಅಂದರೆ ಭೂಮಿಗೆ ಮೊದಲು ಉಣಿಸಿ, ಆಮೇಲೆ ಉಣ್ಣುತ್ತಾರೆ. ಎಲ್ಲ ಕಾಳು, ಎಲ್ಲ ತರಕಾರಿ ಕೂಡಿಸಿ ಕುದಿಸಿದ ಭಜ್ಜಿ, ಸಜ್ಜೆ ಕಡುಬು, ಎಳ್ಳಿನ ಹೋಳಿಗೆ, ಜೋಳದ ಅಂಬಲಿ. ನಮ್ಮ ಮನೆಯಲ್ಲಿ ಇದಕ್ಕೊಂದು ವರಸೆ ಇತ್ತು. ಆಯಿ ಮೊದಲ ತುತ್ತನ್ನು ಹಿರಿಯ ಮಗನಿಗೆ ಕೊಡುತ್ತಿದ್ದಳು, ಎರಡನೆಯದು ಅಪ್ಪನಿಗೆ, ಮೂರನೆಯದು ಭೂಮಿಗೆ. ಹೊಲ ಎರಡಾದ ಮೇಲೂ ಚರಗದ ಗಡಿಗೆ ಒಂದೇ ಇತ್ತು. ಹಬ್ಬಕ್ಕೆ ಇನ್ನೂ ಒಂದು ತಿಂಗಳಿರುವಾಗ ಆಯಿ ಊಟದ ಹೊತ್ತಿಗೆ ತಾಟು ಸರಿಸಿ ಹೇಳಿದಳು.

"ದೊಡ್ಡಾಂವ ಉಂಡ ಮ್ಯಾಲ ಭೂಮಿಗಿ. ಭೂಮಿ ಉಂಡ ಮ್ಯಾಲ ನನಗ. ಅವನ ಬಾಯಾಗ ನನ್ನ ಗಡಿಗಿ ತುತ್ತು ಬೀಳಲಿಲ್ಲ ಅಂದ್ರ ನಾ ಚರಗಾ ಚೆಲ್ಲಂಗಿಲ್ಲ, ಅನ್ನಾನೂ ಮುಟ್ಟಂಗಿಲ್ಲ."

"ಎಷ್ಟು ದಿನ ಮುಟ್ಟಂಗಿಲ್ಲಬೇ?" ಎಂದ ಅಪ್ಪ.

"ನೀವಿಬ್ರು ಎಷ್ಟು ದಿನ ಬಾಯಿ ಮುಚ್ಕೊಂಡಿರ್ತೀರಿ, ಅಷ್ಟು ದಿನ."

ಆಯಿ ಬರೀ ಮಾತಿನವಳಲ್ಲ, ಅದು ನಮಗೆಲ್ಲ ಗೊತ್ತಿತ್ತು. ನನಗೆ ಭಯವಾಯಿತು. ಅವಳನ್ನು ಗಾಡಿಯಲ್ಲಿ ಆಚೆಗೆ ಕರೆದೊಯ್ಯೋಣವೆಂದು ಅವ್ವ ಅಂದಳು. ಒಬ್ಬನ ಹೊಲಕ್ಕೆ ಹೋದರೆ ಇನ್ನೊಬ್ಬನನ್ನು ಬಿಟ್ಟಂತೆ ಎಂದು ಆಯಿ ಒಪ್ಪಲಿಲ್ಲ. ಹಾಗಾದರೆ ನಾನು ಒಯ್ದು ಕೊಡುತ್ತೇನೆ ಅಂದೆ. ನಿನ್ನದೂ ಈ ಮನೆಯ ಕಾಲೇ ಎಂದು ಅಪ್ಪ ಗದರಿದ. ಆಗ ನಾನು ಸಿಟ್ಟಿನಿಂದ ಅಂದುಬಿಟ್ಟೆ:

"ಹಂಗಾರ ಕಾಲಿಲ್ಲದ್ದು ಯಾವುದರೆ ಕಳಸು!"

ಅಪ್ಪ ಉಣ್ಣುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದ. ಎದ್ದು ಹೋಗಿ ಅಟ್ಟದ ಮೇಲಿಂದ ಒಂದು ರಟ್ಟಿನ ಡಬ್ಬಿ ಇಳಿಸಿದ. ಕ್ಯಾಂಪಿನ ಸಾಹೇಬರೊಬ್ಬರು ತಮ್ಮ ಮಗನ ಆಟದ ಕಾರು ರಿಪೇರಿಗೆ ಕೊಟ್ಟಿದ್ದರು. ಆಮೇಲೆ ಅವರಿಗೆ ವರ್ಗವಾಗಿ, ಕಾರು ನಮ್ಮಲ್ಲೇ ಉಳಿದಿತ್ತು. ಕೈಯಲ್ಲಿ ಹಿಡಿದ ರಿಮೋಟಿನಿಂದ, ತಂತಿಯಿಲ್ಲದೆ ಓಡುವ ಕಾರು. ಪೂಲಿನ, ಅಂದರೆ ಕೆನಾಲ್ ಸೇತುವೆಯ, ಮೇಲಿಂದ ಸುತ್ತು ಹಾಕಿ ನಡೆದರೆ ದೊಡ್ಡಪ್ಪನ ಮನೆ ಒಂದು ತಾಸಿನ ದಾರಿ. ಅಷ್ಟು ನಡೆದು ಎರಡು ಮಾತು ಆಡುವ ಬದಲು ನಮ್ಮ ಅಪ್ಪ ರೇಡಿಯೋ ದೋಣಿ ಕಟ್ಟಲು ಕುಳಿತ. ಗಂಡಸರ ಬುದ್ಧಿಯ ಬಗ್ಗೆ ನನಗೆ ಇರುವ ಅಭಿಪ್ರಾಯದ ಬಹುಪಾಲು ಆ ತಿಂಗಳಲ್ಲೇ ತಯಾರಾಯಿತು.

ದೋಣಿಯ ಮೈಗೆ ಎಂಜಿನ್ ಎಣ್ಣೆಯ ಪ್ಲಾಸ್ಟಿಕ್ ಕ್ಯಾನನ್ನು ಉದ್ದಕ್ಕೆ ಸೀಳಿದ್ದಾಯಿತು. ಅದು ಒಂದು ದಿನದ ಕೆಲಸ. ಉಳಿದ ದಿನಗಳೆಲ್ಲ ಮೋಟರು ಮತ್ತು ಅದು ತಿರುಗಿಸುವ, ನೀರು ತಳ್ಳುವ ರೆಕ್ಕೆಗೆ ಹೋದವು. ಅಪ್ಪ ಪಂಪಿನ ಮನುಷ್ಯ. ಶಕ್ತಿ ಹೆಚ್ಚಿದ್ದಷ್ಟು ಒಳ್ಳೆಯದು ಎಂಬುದು ಅವನ ಧರ್ಮ. ಮೊದಲು ಗುಜರಿ ಜೀಪಿನ ವೈಪರ್ ಮೋಟರು ಹಾಕಿದ. ಅದರ ತೂಕಕ್ಕೆ ದೋಣಿಯ ಹಿಂಭಾಗ ಕುಸಿದು, ಹಿತ್ತಲಿನ ಹೌಜಿನ ತಳಕ್ಕೆ ಹೋಗಿ ಕುಳಿತಿತು. ಹೌಜು ಎಂದರೆ ದನಗಳಿಗೆ ನೀರು ತುಂಬಿಡುವ ಕಲ್ಲಿನ ತೊಟ್ಟಿ. ನಮ್ಮ ಪರೀಕ್ಷೆಗಳೆಲ್ಲ ಅದರಲ್ಲೇ. ಎರಡನೆಯದು ಟೇಪ್ ರೆಕಾರ್ಡರಿನ ಮೋಟರು. ಹಗುರ, ಸದ್ದಿಲ್ಲ, ಸುಸಂಸ್ಕೃತ. ಆದರೆ ರೆಕ್ಕೆ ನೀರಿಗೆ ತಾಗಿದ ಕೂಡಲೇ ಸುಸ್ತು. ದೋಣಿ ಬೀಗರ ಮನೆಯಿಂದ ಹೊರಟ ಮುದುಕಿಯ ಹಾಗೆ ನಿಂತು ನಿಂತು ಹೋಯಿತು. ಮೂರನೆಯದು ಆ ಕಾರಿನದೇ ಪುಟ್ಟ ಮೋಟರು. ಅದಕ್ಕೆ ಅಪ್ಪ ವನಸ್ಪತಿ ಡಬ್ಬಿಯ ತಗಡಿನಿಂದ ಅಂಗೈಯಗಲದ ಮೂರು ರೆಕ್ಕೆ ಕತ್ತರಿಸಿ ಹಚ್ಚಿದ. ನೀರಿಗಿಟ್ಟು ಒತ್ತಿದರೆ ದೋಣಿ ಹಿಂದಕ್ಕೆ ಹೋಯಿತು. ರೆಕ್ಕೆಯ ತಿರುವನ್ನು ಉಲ್ಟಾ ಬಾಗಿಸಿದ್ದ.

"ನಿನ್ನಂಗನಾ ಅದ ನೋಡು," ಎಂದಳು ಆಯಿ, ಹಿತ್ತಲ ಕಟ್ಟೆಯ ಮೇಲೆ ಕುಳಿತು. "ಮುಂದ ಹೋಗು ಅಂದ್ರ ಹಿಂದ ಹೋಗ್ತದ."

ತಿರುವು ಸರಿಮಾಡಿದ ಮೇಲೆ ಮುಂದೆ ಹೋಯಿತು, ಆದರೆ ಎರಡು ನಿಮಿಷದಲ್ಲಿ ಮೋಟರು ಕಾದು ವಾರ್ನಿಶ್ ವಾಸನೆ ಬಂತು. ಆ ವಾಸನೆ ನಮ್ಮ ಮನೆಯಲ್ಲಿ ಸಾವಿನ ಸುದ್ದಿ ಇದ್ದ ಹಾಗೆ. ಅಪ್ಪ ಓಡಿ ಹೋಗಿ ದೋಣಿ ಎತ್ತಿದ. ರೆಕ್ಕೆ ಬಹಳ ದೊಡ್ಡದಾಗಿತ್ತು, ಮೋಟರಿಗೆ ತಿರುಗಿಸುವ ತಾಕತ್ತಿರಲಿಲ್ಲ. ಹಾಗೆಂದು ರೂಪಾಯಿ ಬಿಲ್ಲೆಯಗಲಕ್ಕೆ ಕತ್ತರಿಸಿದ. ಈಗ ಮೋಟರು ಕಿರ್ರೆಂದು ತಿರುಗಿತು, ನೀರಲ್ಲಿ ನೊರೆ ಎದ್ದಿತು, ದೋಣಿ ಮಾತ್ರ ಇದ್ದಲ್ಲೇ ಇತ್ತು. ನಾಲ್ಕು ದಿನ ಹೀಗೇ ನಡೆಯಿತು. ಹೌಜಿನ ತುಂಬ ತಗಡಿನ ಚೂರು. ಎಮ್ಮೆ ನೀರು ಕುಡಿಯಲು ಒಲ್ಲೆ ಅಂದಿತು. ಅಪ್ಪ ಅನ್ನುತ್ತಿದ್ದ, ರೆಕ್ಕೆಗೆ ತಕ್ಕ ಮೋಟರು ಹುಡುಕುವುದು ಮಗಳಿಗೆ ಗಂಡು ಹುಡುಕಿದಂತೆ ಎಂದು. ಅವ್ವ ಒಳಗಿನಿಂದಲೇ, ಮೊದಲು ನಿನ್ನಣ್ಣನ ಹುಡುಕು ಅನ್ನುತ್ತಿದ್ದಳು.

ಕೊನೆಗೆ ಅಪ್ಪ ತನಗೆ ಗೊತ್ತಿದ್ದ ಕೆಲಸಕ್ಕೆ ಕೈಹಾಕಿದ. ಪುಟ್ಟ ಮೋಟರನ್ನು ಬಿಚ್ಚಿ, ಅದರೊಳಗಿನ ತಂತಿಯನ್ನೇ ತೆಗೆದು ಹಾಕಿ, ಇನ್ನೂ ಸಣ್ಣ ತಂತಿಯಿಂದ ಹೆಚ್ಚು ಸುತ್ತು ಸುತ್ತುವುದೆಂದು ನಿರ್ಧರಿಸಿದ. ಸುತ್ತು ಹೆಚ್ಚಿದರೆ ವೇಗ ಇಳಿಯುತ್ತದೆ, ಆದರೆ ದೊಡ್ಡ ರೆಕ್ಕೆ ತಿರುಗಿಸಿದರೂ ಕಾಯುವುದಿಲ್ಲ. ಅವನ ಬೆರಳುಗಳು ಅಷ್ಟು ಸಣ್ಣ ಕೆಲಸಕ್ಕೆ ದಪ್ಪ. ಹಾಗಾಗಿ ನಾನು ಸುತ್ತಿದೆ. ಕೂದಲಿನಂಥ ತಂತಿ, ಅದನ್ನು ಸುತ್ತಬೇಕಾದ ಕಬ್ಬಿಣದ ಮೂರು ಪುಟ್ಟ ಗುಬ್ಬಿ, ಪ್ರತಿಯೊಂದಕ್ಕೂ ಒಂದೇ ಎಣಿಕೆ. ಎರಡು ಸಲ ತಂತಿ ಹರಿಯಿತು, ಎರಡು ಸಲ ಅತ್ತೆ. ಮೂರನೆಯ ಸಲ ಅಪ್ಪ ಪಕ್ಕದಲ್ಲಿ ಕುಳಿತು ಉಸಿರೂ ಆಡದೆ ನನ್ನ ಬೆರಳನ್ನೇ ನೋಡಿದ. ಮುಗಿದಾಗ ಮೀಟರು ಹಚ್ಚಿ ನೋಡಿ, ಬರಾಬರ್ ಅದ ಅಂದ. ಇವತ್ತು ನಾನು ಐಟಿಐ ಹುಡುಗರಿಗೆ ವೈಂಡಿಂಗ್ ಕಲಿಸುತ್ತೇನೆ. ಆ ಒಂದು ಮಾತಿನಷ್ಟು ಸಂತೋಷ ಕೊಟ್ಟ ಸರ್ಟಿಫಿಕೇಟು ನನಗೆ ಸಿಕ್ಕಿಲ್ಲ. ರೆಕ್ಕೆಯ ಅಳತೆಗೆ ಅವ್ವನ ಕುಂಕುಮ ಭರಣಿಯ ಮುಚ್ಚಳವನ್ನು ತಗಡಿನ ಮೇಲಿಟ್ಟು ಗೆರೆ ಎಳೆದೆವು. ಅದು ಕೂಡಿಬಂತು. ದೋಣಿ ಹೌಜಿನ ಈ ಗೋಡೆಯಿಂದ ಆ ಗೋಡೆಗೆ ಡಿಕ್ಕಿ ಹೊಡೆದು ನಿಂತಿತು. ಅಪ್ಪ ಮೀಸೆ ತಿರುವಿದ. ಆಯಿ ನಗಲಿಲ್ಲ.

"ಇದು ನಿಂತ ನೀರು," ಅಂದಳು. "ಕೆನಾಲ್ ನೀರು ನಡೀತದ."

"ನೀರು ಅಂದ್ರ ನೀರಬೇ. ಇಲ್ಲಿ ಓಡಿದ್ದು ಅಲ್ಲಿ ಓಡಂಗಿಲ್ಲೇನು?"

ಹಬ್ಬಕ್ಕೆ ಎಂಟು ದಿನವಿರುವಾಗ ಅಪ್ಪ, ದೊಡ್ಡಪ್ಪನ ಮನೆಯ ಎದುರಿಗೇ, ನೆಟ್ಟಗೆ ಗುರಿಯಿಟ್ಟು ದೋಣಿಯನ್ನು ನೀರಿಗೆ ಬಿಟ್ಟ. ಹಿಂಗಾರಿಗೆ ಬಿಟ್ಟ ನೀರು ದಂಡೆಯ ಸಮ ಹರಿಯುತ್ತಿತ್ತು. ದೋಣಿಯ ಮೂತಿ ಆ ದಂಡೆಯ ಕಡೆಗೇ ಇತ್ತು, ಮೈ ಮಾತ್ರ ಅಡ್ಡಡ್ಡ ಕೆಳಗೆ ಹೋಗುತ್ತಿತ್ತು. ಅಪ್ಪ ರಿಮೋಟಿನ ಕಡ್ಡಿಯನ್ನು ಮುರಿಯುವ ಹಾಗೆ ಒತ್ತಿದ. ನಡುನೀರಿಗೆ ಬರುವಷ್ಟರಲ್ಲಿ ರಿಮೋಟಿನ ಮಾತು ದೋಣಿಗೆ ಕೇಳದಂತಾಗಿ ರೆಕ್ಕೆ ನಿಂತುಬಿಟ್ಟಿತು. ಆ ಆಟದ ರೇಡಿಯೋದ ಅಳವು ಅರ್ಧ ಕೆನಾಲಿನಷ್ಟೇ. ದೋಣಿ ಹೊರಟುಹೋಯಿತು. ಸಂಜೆ ಕೆಳಗೆ ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು ಅದನ್ನು ಒದ್ದೆ ಬಟ್ಟೆಯ ಗಂಟಿನ ಮೇಲಿಟ್ಟುಕೊಂಡು ತಂದುಕೊಟ್ಟಳು.

ಅಪ್ಪ ಇನ್ನೂ ದೊಡ್ಡ ಮೋಟರು ಹಾಕುತ್ತೇನೆ ಎಂದು ಹೊರಟ. ಆಯಿಗೆ ರೇಗಿತು.

"ನಮ್ಮಪ್ಪನ ತೋಳಾಗ ಯಾವ ಮೋಟರ್ ಇತ್ತೋ? ತುಂಬಿದ ಹೊಳಿ ದಾಟಸ್ತಿದ್ದ. ನೀರಿನ ಕೂಡ ಜಗಳಾ ಆಡಬಾರದೋ ಮೂಳಾ, ಅದರ ಹೆಗಲ ಮ್ಯಾಲ ಕುಂಡ್ರಬೇಕು."

ಮರುದಿನ ಆಯಿ ನನ್ನನ್ನು ಕರೆದುಕೊಂಡು ದಂಡೆಗೆ ಬಂದಳು. ಒಂದು ಹಿಡಿ ಜೋಳದ ದಂಟಿನ ಚೂರು ತರಿಸಿದ್ದಳು. ದಂಡೆಯುದ್ದಕ್ಕೂ ನೀರು ಬರುವ ದಿಕ್ಕಿಗೆ ನಡೆಯುತ್ತ, ಅಲ್ಲಲ್ಲಿ ಒಂದೊಂದು ಚೂರನ್ನು ನನ್ನಿಂದ ನಡುನೀರಿಗೆ ಎಸೆಯಿಸಿ, ಅದು ಎಲ್ಲಿಗೆ ಹೋಗುತ್ತದೆಂದು ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು. ನಡೆಯುವುದು ಅವಳಿಗೆ ಜೀವ ಹೋಗುವಷ್ಟು ನೋವು. ಹತ್ತು ಹೆಜ್ಜೆಗೊಮ್ಮೆ ಕೂಡುತ್ತಿದ್ದಳು. ಕೆನಾಲ್ ತಿರುಗುವಲ್ಲಿ ಒಂದು ಬೇವಿನ ಮರವಿತ್ತು. ಅಲ್ಲಿಂದ ಎಸೆದ ದಂಟು ನಡುನೀರಿಗೆ ಬಿದ್ದದ್ದೇ ತಡ, ಓರೆಯಾಗಿ ಆಚೆ ದಂಡೆಗೆ ಸರಿದು, ದೊಡ್ಡಪ್ಪನ ಮನೆಯ ಮುಂದೆ ನೀರಿಗಿಳಿಯುವ ಮೆಟ್ಟಿಲಿಗೆ ತಾಗಿಕೊಂಡೇ ಹೋಯಿತು. ನಾಲ್ಕು ಸಲ ಎಸೆದೆವು, ನಾಲ್ಕು ಸಲವೂ ಹಾಗೇ.

"ಇಲ್ಲಿತನ ನಿಮ್ಮಪ್ಪನ ಮೋಟರ್ ಸಾಕು," ಎಂದಳು ನಡುನೀರನ್ನು ಕೋಲಿನಿಂದ ತೋರಿಸಿ. "ಅಲ್ಲಿಂದ ಮುಂದ ನೀರು ಒಯ್ತದ. ಆಮ್ಯಾಲಿಂದು ನಿಮ್ಮ ದೊಡ್ಡಪ್ಪನ ಕೈಯಾಗ ಅದ."

ನಾನು ಹೋಗಿ ಹೇಳಿದರೆ ಅಪ್ಪ ನಂಬಲಿಲ್ಲ. ತಾನೇ ಹೋಗಿ, ಯಾರೂ ಇಲ್ಲದ ಹೊತ್ತು ನೋಡಿ, ದಂಟು ಎಸೆದು ಬಂದ. ನಾನು ಹಿತ್ತಲಿನಿಂದ ನೋಡಿದೆ. ಬಂದವನು ದೊಡ್ಡ ಮೋಟರನ್ನು ಅಟ್ಟಕ್ಕೆ ಹಾಕಿದ.

ಎಳ್ಳಮಾವಾಸ್ಯೆಯ ದಿನ ಅವ್ವ ನಸುಕಿನಲ್ಲೇ ಎದ್ದು ಒಲೆ ಹಚ್ಚಿದಳು. ಬಿಸಿಲೇರುವ ಹೊತ್ತಿಗೆ ಸುತ್ತಲಿನ ಹೊಲಗಳಿಂದ ಚರಗ ಚೆಲ್ಲುವವರ 'ಹುಲ್ಲುಲ್ಲಿಗೋ' ಕೂಗು ಕೇಳತೊಡಗಿತು. ನಮ್ಮ ಹೊಲ ಸುಮ್ಮನಿತ್ತು. ಆಯಿ ಹಿಂದಿನ ರಾತ್ರಿಯಿಂದ ಏನೂ ತಿಂದಿರಲಿಲ್ಲ. ಬೇವಿನ ಬುಡದಲ್ಲಿ ಗಡಿಗೆ ಎದುರಿಗಿಟ್ಟುಕೊಂಡು ಕುಳಿತಿದ್ದಳು. ಆಗ ನಾನೊಂದು ಗಮನಿಸಿದೆ. ಆಚೆ ದಂಡೆಯ ಹೊಲವೂ ಸುಮ್ಮನಿತ್ತು. ದೊಡ್ಡಪ್ಪ ತನ್ನ ಮೆಟ್ಟಿಲ ಮೇಲೆ ಕೈಕಟ್ಟಿ ನಿಂತಿದ್ದ, ದೊಡ್ಡವ್ವ ಬುತ್ತಿಯ ಬುಟ್ಟಿ ಹಿಡಿದು ಅವನ ಹಿಂದೆ. ಚರಗ ಚೆಲ್ಲಿರಲಿಲ್ಲ.

ಆಯಿ ಸ್ಟೀಲ್ ಡಬ್ಬಿಯಲ್ಲಿ ಒಂದು ಕಡುಬು, ಮೇಲೆ ಒಂದು ಮುದ್ದೆ ಭಜ್ಜಿ ಇಟ್ಟು ಮುಚ್ಚಿದಳು. ಅಪ್ಪ ಅದನ್ನು ದೋಣಿಯಲ್ಲಿ ಬಿಗಿದು ಕಟ್ಟಿ, ನೀರಿಗಿಟ್ಟು ಒತ್ತಿದ. ದೋಣಿ ಓರೆಯಾಗಿ ಹೊರಟಿತು. ನಡುನೀರಲ್ಲಿ ರೆಕ್ಕೆ ನಿಂತಿತು. ಅಪ್ಪ ರಿಮೋಟನ್ನು ಕೆಳಗಿಟ್ಟುಬಿಟ್ಟ. ಇನ್ನು ಅವನ ಕೈಯಲ್ಲಿ ಏನೂ ಇರಲಿಲ್ಲ. ನೀರು ಅದನ್ನು ಮೆಲ್ಲಗೆ ಆಚೆಗೆ ಸರಿಸಿತು. ದೋಣಿ ದೊಡ್ಡಪ್ಪನ ಮೆಟ್ಟಿಲಿಗೆ ಬಂತು. ಬಾಗಿದರೆ ಸಿಗುವಷ್ಟು ಹತ್ತಿರ. ದೊಡ್ಡಪ್ಪ ಬಾಗಲಿಲ್ಲ. ದೋಣಿ ಅವನ ಕಾಲ ಮುಂದಿನಿಂದ ದಾಟಿ ಹೋಯಿತು. ಅವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ನನಗೆ ಅಳು ಬಂತು, ಸಿಟ್ಟೂ ಬಂತು. ಅಷ್ಟು ತಂತಿ ಸುತ್ತಿದವಳು ನಾನು. ಆಯಿ ಕೂತಲ್ಲಿಂದ ಏಳಲು ನೋಡಿದಳು, ಆಗಲಿಲ್ಲ. ಕೂಗಿದಳು. ಅಷ್ಟು ದೊಡ್ಡ ದನಿ ಆ ಸಣ್ಣ ಮೈಯಲ್ಲಿ ಎಲ್ಲಿತ್ತೋ.

"ಹಸದೀನೋ ನನ್ನಪ್ಪಾ!"

ದೊಡ್ಡಪ್ಪ ಧೋತರ ಎತ್ತಿಕಟ್ಟದೆ, ಚಪ್ಪಲಿ ಬಿಡದೆ ದಂಡೆಗುಂಟ ಓಡಿದ. ಇಪ್ಪತ್ತು ಮಾರು ಕೆಳಗೆ ನೀರಿಗೆ ಧುಮುಕಿ, ಎದೆಮಟ್ಟ ನೀರಲ್ಲಿ ದೋಣಿಯನ್ನು ಅವುಚಿಕೊಂಡ. ಮೇಲೆ ಬಂದು, ಡಬ್ಬಿ ಬಿಚ್ಚಿ, ನಿಂತಲ್ಲೇ ತಿಂದ. ಕೈ ನೆಕ್ಕಿ, ಬಾಯಿ ಒರೆಸಿ, ಈ ದಂಡೆಗೆ ಕೂಗಿದ.

"ಯವ್ವಾ, ಉಪ್ಪು ಕಮ್ಮಿ ಆಗ್ಯದ!"

ಆಯಿ ಅಳುತ್ತ ನಕ್ಕಳು. ಅಪ್ಪ ನೀರಿನಂಚಿಗೆ ಬಂದು ಕೂಗಿದ.

"ರೆಕ್ಕಿ ನೋಡಣ್ಣಾ, ಬಾಗ್ಯದೇನು?"

"ನಿನ್ನ ರೆಕ್ಕಿ ನೀನಾ ಬಂದು ನೋಡು!"

ಅಪ್ಪ ಚಪ್ಪಲಿ ಮೆಟ್ಟಿದ. ನಾನೂ ಹಿಂದೆ ಓಡಿದೆ, ಅವನು ಬೇಡವೆನ್ನಲಿಲ್ಲ. ಪೂಲಿಗೆ ಬರುವಷ್ಟರಲ್ಲಿ ಆ ಕಡೆಯಿಂದ ದೊಡ್ಡಪ್ಪ ದೋಣಿಯನ್ನು ತಲೆಯ ಮೇಲೆ ಹೊತ್ತುಕೊಂಡು ಬರುತ್ತಿದ್ದ, ಧೋತರದಿಂದ ಇನ್ನೂ ನೀರು ಸುರಿಯುತ್ತಿತ್ತು. ಪೂಲಿನ ನಡುವೆ ಇಬ್ಬರೂ ನಿಂತರು. ಅಪ್ಪ ಕೆಳಗೆ ನೋಡುತ್ತ ಹೇಳಿದ.

"ಪೈಪಿನ ಬಾಯಿ ನೋಡದನಾ ಚಾಲೂ ಮಾಡಿದ್ನೋ ಅಣ್ಣಾ. ನಂದಾ ಗಲ್ತಿ. ಕಾಯಿ ನೀರಾಗ ತೇಲೂದು ನೋಡಿ ನನಗೂ ಸಂಕಟ ಆಗಿತ್ತು. ತಪ್ಪಾತು ಅನ್ನಾಕ ಬಾಯಿ ಬರಲಿಲ್ಲ."

"ಗೊತ್ತದ," ಎಂದ ದೊಡ್ಡಪ್ಪ. "ಹತ್ತು ತಿಂಗಳ ಬೇಕಾತೇನಲೇ ಇಷ್ಟು ಹೇಳಾಕ? ನಡಿ, ಯವ್ವ ಹಸದಾಳ."

ಮೂವರೂ ಬೇವಿನ ಮರಕ್ಕೆ ಬಂದಾಗ ಸೂರ್ಯ ವಾಲಿದ್ದ. ಆಯಿ ಅಪ್ಪನ ಬಾಯಿಗೆ ಎರಡನೆಯ ತುತ್ತು ಹಾಕಿದಳು, ಮೂರನೆಯದನ್ನು ಇಬ್ಬರೂ ಮಕ್ಕಳ ಕೈಯಲ್ಲಿ ಕೊಟ್ಟು ಹೊಲಕ್ಕೆ ಕಳಿಸಿದಳು. ಅವರು ಕೂಗುತ್ತ ಚೆಲ್ಲಿ ಬಂದ ಮೇಲೆ ಹುಳಿಯಾದ ಅಂಬಲಿಯನ್ನು ಎರಡು ಬಟ್ಟಲು ಕುಡಿದಳು. ಕುಡಿದು, ಬಟ್ಟಲು ಕೆಳಗಿಟ್ಟು, ಪಕ್ಕದಲ್ಲಿದ್ದ ದೋಣಿಯನ್ನು ಕೋಲಿನಿಂದ ಮುಟ್ಟಿದಳು. ಅಪ್ಪ ಹುಮ್ಮಸ್ಸಿನಿಂದ, ಮುಂದಿನ ವರ್ಷ ಇದಕ್ಕೆ ಇನ್ನೂ ದೂರ ಹೋಗುವ ರೇಡಿಯೋ ಹಾಕುತ್ತೇನೆ, ಈ ದಂಡೆಯಿಂದಲೇ ಪೂರ್ತಿ ದಾಟಿಸಬಹುದು ಅಂದ.

"ಬ್ಯಾಡ," ಎಂದಳು ಆಯಿ. "ಇದನ್ನ ಈಗಲೇ ಬಿಚ್ಚಿ ಹಾಕು. ಇದು ಮನ್ಯಾಗ ಇತ್ತಂದ್ರ ನೀವು ಮತ್ತ ನಡಿಯೂದು ಬಿಡ್ತೀರಿ."

ಅಪ್ಪ ಒಮ್ಮೆ ದೋಣಿ ನೋಡಿದ, ಒಮ್ಮೆ ದೊಡ್ಡಪ್ಪನ ಒದ್ದೆ ಧೋತರ ನೋಡಿದ. ಸ್ಕ್ರೂ ಡ್ರೈವರ್ ತರಲು ನನ್ನನ್ನು ಮನೆಗೆ ಓಡಿಸಿದ.